ಎರಡು ಆಟದ ಪೆಟ್ಟಿಗೆ, ಒಂದು ಮರದ ಸಟ್ಟುಗ

ಆ ದಿನವೂ ಬೆಳಿಗ್ಗೆ ಎದ್ದವಳೇ ನಾನು ಮೊದಲು ಮಾಡಿದ ಕೆಲಸ ಬಗ್ಗುವುದು. ಚಹಾಪುಡಿಗೆ ಒಮ್ಮೆ ಬಗ್ಗಿದೆ, ಸಕ್ಕರೆಗೆ ಇನ್ನೊಮ್ಮೆ, ಬೆಂಕಿಪೆಟ್ಟಿಗೆಗೆ ಮತ್ತೊಮ್ಮೆ. ನಮ್ಮ ಅಡುಗೆಮನೆ ಕೆಲವು ಸಮಯದಿಂದ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತಿತ್ತು. ಮೇಲಿನ ಹಲಗೆಯ ಡಬ್ಬಗಳು ಮೊದಲು ನಡುವಿನ ಹಲಗೆಗೆ ಬಂದವು, ಅಲ್ಲಿಂದ ಒಲೆಯ ಕಟ್ಟೆಗೆ, ಅಲ್ಲಿ ಜಾಗ ಸಾಲದೆ ನೆಲದ ಮಣೆಗೆ. ಗೋಡೆ ಗಡಿಯಾರ ಕೂಡ ಕಿಟಕಿಯ ಅಂಚಿನಲ್ಲಿ ಕೂತು ಟಿಕ್ ಟಿಕ್ ಎನ್ನುತ್ತಿತ್ತು. ಹೊರಗಿನವರು ಬಂದು ನೋಡಿದರೆ, ಪಾಪ, ಇವರ ಮನೆಗೆ ನೆರೆ ಬಂದು ಇಳಿದಿದೆ, ಸಾಮಾನೆಲ್ಲ ತಳ ಸೇರಿದೆ ಎಂದುಕೊಳ್ಳಬೇಕು.

ನೆರೆಯೇನೂ ಬಂದಿರಲಿಲ್ಲ. ನನ್ನ ಅತ್ತೆ, ನಮ್ಮ ಕೊಂಕಣಿ ಮನೆಗಳಲ್ಲಿ ಮಕ್ಕಳೂ ಸೊಸೆಯೂ ಕರೆಯುವಂತೆ ಮಾಂಯ್, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿದ್ದೂ ಆಯಿತು, ಬಿಚ್ಚಿ ಬಂಗಾರದ ಬಳೆ ಮತ್ತೆ ಆ ಕೈಗೆ ಏರಿದ್ದೂ ಆಯಿತು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು. ಆದರೆ ಮಾಂಯ್ ಕೈ ಎದೆಯ ಮಟ್ಟದಿಂದ ಮೇಲಕ್ಕೆ ಹೋಗಲೊಪ್ಪಲಿಲ್ಲ. ಕೈ ಎಲ್ಲಿಗೆ ಎಟಕುತ್ತದೋ ಅಲ್ಲಿಗೆ ಮನೆ ಇಳಿಯಿತು.

ಚಹಾಕ್ಕೆ ಮೊದಲು ಅವರು ಶಿಲುಬೆಯ ಗುರುತು ಹಾಕುವುದನ್ನು ನಾನು ಒಲೆಯ ಹತ್ತಿರದಿಂದ ಓರೆಗಣ್ಣಲ್ಲಿ ನೋಡುತ್ತಿದ್ದೆ. ಕೈಯನ್ನು ಹಣೆಗೆ ಎತ್ತುವ ಬದಲು ಹಣೆಯನ್ನೇ ಕೈಗೆ ಇಳಿಸುತ್ತಿದ್ದರು, ಅಕ್ಕಿ ಹೆಕ್ಕುವ ಕೋಳಿಯ ಹಾಗೆ. "ಎಡಗೈಯಲ್ಲಿ ಹಾಕಿ ಮಾಂಯ್, ದೇವರಿಗೆ ಗೊತ್ತಾಗ್ತದೆ" ಎಂದು ಒಮ್ಮೆ ಹೇಳಿದ್ದೆ. (ನಮ್ಮ ಮನೆಯ ಮಾತೆಲ್ಲ ಕೊಂಕಣಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.) "ಗೊತ್ತಾಗ್ತದೆ ಅಂತಲೇ ಹೆದರಿಕೆ" ಎಂದಿದ್ದರು. ಭಾನುವಾರ ಇಗರ್ಜಿಯಲ್ಲಿ ಹಿಂದಿನ ಬೆಂಚಿನ ಮಕ್ಕಳು ಇವರನ್ನು ನೋಡಿ ತಾವೂ ತಲೆ ತಗ್ಗಿಸಿ ಹೆಕ್ಕತೊಡಗಿದ ಮೇಲೆ ಮಾಂಯ್ ಕಂಬದ ಮರೆಗೆ ಕೂರಲು ಶುರು ಮಾಡಿದರು.

ವ್ಯಾಯಾಮ ಕಲಿಸಲು ಪೇಟೆಯಿಂದ ಒಬ್ಬಳು ಮಲಯಾಳಿ ಹುಡುಗಿ ಬರುತ್ತಿದ್ದಳು. ಗೋಡೆಯ ಮೇಲೆ ಬೆರಳುಗಳನ್ನು ಜೇಡನ ಹಾಗೆ ನಡೆಸುತ್ತ ಮೇಲಕ್ಕೆ ಹೋಗಬೇಕು, ತಲುಪಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು, ನಾಳೆ ಅದನ್ನು ದಾಟಬೇಕು. ಮಾಂಯ್ ಎಳೆದ ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪವಾದುವೇ ಹೊರತು ಮೇಲೆ ಹೋಗಲಿಲ್ಲ. ಕೊನೆಗೆ ಆಕೆ ಹೋಗುವಾಗ ಹೇಳಿದಳು, "ಅಮ್ಮಚ್ಚಿ, ಕೈಗೆ ಇನ್ನು ತೊಂದರೆ ಎಂತದೂ ಇಲ್ಲ. ಹೆದರಿಕೆ ಮಾತ್ರ ಬಾಕಿ. ಅದಕ್ಕೆ ನನ್ನ ಹತ್ರ ಎಕ್ಸರ್‌ಸೈಸ್ ಇಲ್ಲ."

ಚಹಾ ಕುಡಿದು ನಾನು ಬೊಗಸೆ ಕರಿಬೇವು ಹಿಡಿದುಕೊಂಡು ಕಂಪೌಂಡಿನ ಹತ್ತಿರ ಹೋದೆ. ನಮಗೂ ಪಕ್ಕದ ಮನೆಗೂ ನಡುವೆ ಎತ್ತರದ ಕೆಂಪುಕಲ್ಲಿನ ಗೋಡೆ. ಆಚೆ ಕಡೆ ಸುಮತಿ ಟೀಚರ್, ನಿವೃತ್ತರು. ನಮ್ಮದು ವಿಚಿತ್ರ ನೆರೆಕರೆ: ಮಾತು ಗೋಡೆ ದಾಟುತ್ತದೆ, ಮುಖ ದಾಟುವುದಿಲ್ಲ. ಮುಖ ನೋಡಬೇಕೆಂದರೆ ಗೇಟು ತೆಗೆದು ರಸ್ತೆಗೆ ಬಂದು ಸುತ್ತು ಹಾಕಬೇಕು. ಅಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ನಮಗೆ ಒಬ್ಬರಿಗೊಬ್ಬರ ಪರಿಚಯ ಹೆಚ್ಚಾಗಿ ಇರುವುದು ಕೈಗಳಿಂದ. ಗೋಡೆಯ ಮೇಲೊಂದು ಕೈ ಮೂಡುತ್ತದೆ, ಕೈಯಲ್ಲೊಂದು ಬಟ್ಟಲು, ಬಟ್ಟಲಲ್ಲಿ ನುಗ್ಗೆಕಾಯಿ ಪಲ್ಯವೋ ಮಾವಿನ ಮಿಡಿಯೋ. ಆಚೆ ಕಡೆಯಿಂದ ಟೀಚರರ ಕೈ ಬಂದು ಅದನ್ನು ತೆಗೆದುಕೊಳ್ಳುತ್ತದೆ. ಮಾಂಯ್ ಎತ್ತರದ ಹೆಂಗಸು. ಅವರ ಬಲಗೈ ಗೋಡೆಯ ಮೇಲೆ ಲೀಲಾಜಾಲವಾಗಿ ಹೋಗುತ್ತಿತ್ತು, ಆ ಕೈಗೆ ಮಾತ್ರ ಇರುವ ಒಂದೇ ಒಂದು ದಪ್ಪ ಬಂಗಾರದ ಬಳೆಯೊಂದಿಗೆ. ನಾನು ಗಿಡ್ಡೆ. ಬಕೆಟು ಕವುಚಿ ಹಾಕಿ ಅದರ ಮೇಲೆ ನಿಂತರೆ ಬೆರಳ ತುದಿ ಮಾತ್ರ ಗೋಡೆಯಾಚೆ ಇಣುಕುತ್ತದೆ.

"ನೀವಾ ಗ್ರೇಸಿ ಬಾಯಿ?" ಎಂದು ಗೋಡೆ ಕೇಳಿತು. ಟೀಚರಿಗೆ ನಾನು ಬಾಯಿ, ಮಾಂಯ್ ಬಾಯಮ್ಮ. "ಬಾಯಮ್ಮನ ಕೈ ನೋಡದೆ ಸುಮಾರು ದಿನ ಆಯ್ತು ಮಾರಾಯ್ರೆ. ಹೇಗುಂಟು?"

"ಕೆಳಗೆ ಉಂಟು ಟೀಚರ್" ಎಂದೆ.

ಮೀನಿನ ಸ್ಕೂಟರಿನ ಹಾರ್ನ್, ಮಧೂರಿನ ಬಸ್ಸು, ಕುಕ್ಕರಿನ ಎರಡನೇ ಸೀಟಿ. ಎಲ್ಲವೂ ಎಂದಿನಂತೆ ನಡೆಯುತ್ತಿರುವಾಗ ಫೋನು ಬಂತು. ಶಾರ್ಜಾದಿಂದ ನನ್ನ ಮೈದುನ ವಿಲ್ಲಿ. ಮರುದಿನ ರಾತ್ರಿ ಊರಿಗೆ ಹೊರಡುವವನಿದ್ದ.

"ಅತ್ತಿಗೆ, ಒಂದು ವಿಷಯ. ಇಲ್ಲಿ ಮಾಲ್‌ನಲ್ಲಿ ಹೋದ ತಿಂಗಳು ಒಬ್ಬಳು ಅಜ್ಜಿ ಟಿವಿ ಎದುರು ನಿಂತು ಬೌಲಿಂಗ್ ಆಡ್ತಿದ್ದಳು. ಕೈಯಲ್ಲಿ ಬರೀ ಒಂದು ಕೋಲು. ಕೈ ಹೀಗೆ ಬೀಸಿದರೆ ಟಿವಿಯಲ್ಲಿ ಚೆಂಡು ಹೋಗ್ತದೆ. ನಮ್ಮ ಮಾಂಯ್ ಕೈಗೆ ಇದೇ ಔಷಧಿ!"

"ತಾ ಮತ್ತೆ."

"ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆ ಎರಡು ಬಗೆ ಉಂಟು ಅತ್ತಿಗೆ. ಬಿಳಿ ಪೆಟ್ಟಿಗೆ, ಕಪ್ಪು ಪೆಟ್ಟಿಗೆ. ಈಗ ಎರಡಕ್ಕೂ ಕೋಲು ಬಂದಿದೆ. ಬ್ಯಾಗಿನಲ್ಲಿ ಒಂದಕ್ಕೇ ಜಾಗ. ಕಳೆದ ವಾರ ಚಾಕಲೇಟಿನ ಜೊತೆ ಆಟಗಳ ಪಟ್ಟಿಯ ಎರಡು ಬಣ್ಣದ ಪುಸ್ತಕ ಕಳಿಸಿದ್ದೆನಲ್ಲ, ಅದು ನೋಡಿ ಸಂಜೆ ನಾಲ್ಕಕ್ಕೆ ಹೇಳಿ. ಪೆಟ್ಟಿಗೆಯ ಚಂದ ನೋಡಬೇಡಿ. ಲೈಬ್ರರಿ ನೋಡಿ. ಆಟಗಳು ಯಾವುದರಲ್ಲಿ ಒಳ್ಳೆಯದುಂಟೋ ಅದು."

ಆಟಗಳ ಸಂಗ್ರಹಕ್ಕೂ ಲೈಬ್ರರಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಗಲೇ. ಕೇಳಿ ಒಂದು ಬಗೆಯ ಧೈರ್ಯವೂ ಬಂತು. ಪೆಟ್ಟಿಗೆಗಳ ವಿಷಯ ನನಗೆ ಗೊತ್ತಿಲ್ಲ. ಆದರೆ ಲೈಬ್ರರಿಯನ್ನು ತೆರೆದು ನೋಡದೆ ಅಳೆಯುವುದರಲ್ಲಿ ನನ್ನಷ್ಟು ತರಬೇತಿ ಪಡೆದವರು ಕಾಸರಗೋಡು ತಾಲೂಕಿನಲ್ಲಿ ಹೆಚ್ಚು ಜನ ಇರಲಾರರು.

ನಾನು ಓದಿದ ಕಾನ್ವೆಂಟಿನಲ್ಲಿ ಲೈಬ್ರರಿ ಎಂದರೆ ಎರಡು ಗಾಜಿನ ಕಪಾಟು. ಒಂದು ಕನ್ನಡದ್ದು, ಒಂದು ಇಂಗ್ಲಿಷಿನದ್ದು. ಎರಡಕ್ಕೂ ಬೀಗ. ಹುಡುಗಿಯರ ಕೈಗೆ ಸಿಕ್ಕಿದರೆ ಪುಸ್ತಕ ಕೊಳೆಯಾಗುತ್ತದೆ ಎಂದು ಬೀಗದ ಕೈ ಮದರ್ ಸುಪೀರಿಯರ್ ಹತ್ತಿರ ಭದ್ರವಾಗಿತ್ತು. ವಾರಕ್ಕೊಂದು ಲೈಬ್ರರಿ ಪೀರಿಯಡ್ಡಿನಲ್ಲಿ ನಾವು ಸಾಲಾಗಿ ಹೋಗಿ ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನು ಓದಿ ಬರುತ್ತಿದ್ದೆವು. ಬೆನ್ನಿನಿಂದ ಕತೆ ಊಹಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಒಬ್ಬರಿಗೊಬ್ಬರು ಹೇಳುತ್ತಿದ್ದೆವು. ಬೆನ್ನು ಹಸಿರಾಗಿದ್ದರೆ ಕಾಡಿನ ಕತೆ, ಕೆಂಪಾಗಿದ್ದರೆ ಪ್ರೇಮ, ಅಕ್ಷರ ಮಾಸಿದ್ದರೆ ಸಂತರ ಚರಿತ್ರೆ. ಯಾವ ಕಪಾಟು ಉತ್ತಮ ಎಂಬ ಚರ್ಚಾಸ್ಪರ್ಧೆಯನ್ನೂ ಏರ್ಪಡಿಸಿದ್ದರು. ಕನ್ನಡ ಕಪಾಟಿನ ಪರವಾಗಿ ಮಾತಾಡಿ ನಾನು ಒಂದು ಸೋಪ್ ಬಾಕ್ಸ್ ಗೆದ್ದಿದ್ದೆ. ಶಾಲೆಯ ಜುಬಿಲಿಗೆ ಕಪಾಟು ತೆರೆದರು ನೋಡಿ, ಗೆದ್ದಲು ಒಳಗಿನ ಹಾಳೆಗಳನ್ನೆಲ್ಲ ತಿಂದು ಮುಗಿಸಿತ್ತು. ಬೆನ್ನುಗಳು ಮಾತ್ರ ಗಾಜಿಗೆ ಮುಖಮಾಡಿ ನೆಟ್ಟಗೆ ನಿಂತಿದ್ದುವು. ನಾವು ಓದಿದಷ್ಟು ಮಾತ್ರ ಉಳಿದಿತ್ತು.

ಹಾಗಾಗಿ ಬಣ್ಣದ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಬಿಡಿಸಿ ನಾನು ಗಂಭೀರವಾಗಿ ಕೂತೆ. ಮೊದಲು ಕೈ ಹಾಕಿದ್ದು ನಮ್ಮವರು. ಅವರಿಗೆ ಪೇಟೆಯಲ್ಲಿ ಟಯರಿನ ಅಂಗಡಿ. ಜಗತ್ತನ್ನು ಅವರು ನೆಲದಿಂದ ಒಂದಡಿ ಎತ್ತರದವರೆಗೆ ಮಾತ್ರ ನೋಡುತ್ತಾರೆ. ಮದುವೆಗೆ ಹೋಗಿ ಬಂದರೆ ಮದುಮಗಳ ಸೀರೆಯ ಬಣ್ಣ ಅವರಿಗೆ ನೆನಪಿರುವುದಿಲ್ಲ, ಮದುಮಕ್ಕಳ ಕಾರಿನ ಹಿಂದಿನ ಎಡ ಚಕ್ರ ಸವೆದದ್ದು ನೆನಪಿರುತ್ತದೆ. ಅವರು ಎರಡೂ ಪುಸ್ತಕಗಳಲ್ಲಿ ಕಾರಿನ ಆಟಗಳನ್ನು ಹುಡುಕಿ, ಕನ್ನಡಕ ತೆಗೆದು, ಚಿತ್ರವನ್ನು ಮೂಗಿನ ಹತ್ತಿರ ಹಿಡಿದರು.

"ಇದು ನೋಡು. ಕಪ್ಪು ಪೆಟ್ಟಿಗೆಯದ್ದು. ಟಯರಿನ ಹಲ್ಲು ಸರಿಯಾಗಿ ಕಾಣ್ತದೆ, ಮಳೆಯಲ್ಲಿ ಓಡಿಸುವ ಹಲ್ಲು. ನಿನ್ನ ಬಿಳಿ ಪೆಟ್ಟಿಗೆಯ ಕಾರು ನೋಡು, ಚಕ್ರವಾ ಅದು? ಉದ್ದಿನವಡೆ!"

"ಮಾಂಯ್ ಕಾರು ಓಡಿಸಲಿಕ್ಕೆ ಇಲ್ಲ. ಕೈ ಎತ್ತಲಿಕ್ಕೆ ಇರುವುದು" ಎಂದೆ.

"ಹಾಗೆ ಅಂತ ಉದ್ದಿನವಡೆಯಲ್ಲಿ ಹೋಗಲಿಕ್ಕೆ ಆಗ್ತದಾ?" ಎಂದು ಅವರು ಅಂಗಡಿಗೆ ಹೊರಟೇಬಿಟ್ಟರು. ಒಂದು ಮತ ಕಪ್ಪಿಗೆ ಬಿತ್ತು.

ಉಳಿದವರು ನಾನು ಮತ್ತು ಮಾಂಯ್. ನಾನು ಓದಿ ಹೇಳುವುದು, ಅವರು ಬೀನ್ಸ್ ಮುರಿಯುತ್ತ ತೀರ್ಪು ಕೊಡುವುದು. ಕಪ್ಪು ಪೆಟ್ಟಿಗೆಯಲ್ಲಿ ಒಂದು ಆಟ. ವೀರನೊಬ್ಬ ಕಳೆದುಹೋದ ರಾಜ್ಯ ಹುಡುಕುತ್ತ ದಿನಗಟ್ಟಲೆ ನಡೆಯುತ್ತಾನೆ.

"ಊಟ?" ಎಂದರು ಮಾಂಯ್.

"ದಾರಿಯಲ್ಲಿ ಸೇಬು ಬಿದ್ದಿರ್ತದಂತೆ. ಹೆಕ್ಕಿಕೊಂಡರೆ ಶಕ್ತಿ ಬರ್ತದೆ."

"ತೊಳೆಯದೆ?"

ಅದರ ಬಗ್ಗೆ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. ಆ ಆಟ ಬಿದ್ದುಹೋಯಿತು. ಬಿಳಿ ಪೆಟ್ಟಿಗೆಯಲ್ಲಿ ಬೇಸಾಯದ ಆಟವಿತ್ತು. ಮೂಲಂಗಿ ಬಿತ್ತಿ, ನೀರು ಹಾಕಿ, ಬೆಳೆದ ಮೇಲೆ ಮಾರುವುದು. ಮಾಂಯ್ ಬೀನ್ಸ್ ಕೆಳಗಿಟ್ಟು ನನ್ನನ್ನು ನೋಡಿದರು. "ಹಿತ್ತಿಲಲ್ಲಿ ಬಸಳೆ ಒಣಗ್ತಾ ಉಂಟು. ಅದಕ್ಕೆ ಒಂದು ಕೊಡ ನೀರು ಹಾಕು ಅಂತ ನಿನಗೆ ಮೂರು ದಿನದಿಂದ ಹೇಳ್ತಾ ಇದ್ದೇನೆ. ಟಿವಿಯ ಒಳಗಿನ ಮೂಲಂಗಿಗೆ ನೀನು ನೀರು ಹಾಕ್ತೀಯಾ?" ಮೀನು ಹಿಡಿಯುವ ಆಟ ಎರಡೂ ಪೆಟ್ಟಿಗೆಯಲ್ಲಿತ್ತು. "ಹಿಡಿದ ಮೀನು ಕೊಡ್ತಾರಾ?" ಎಂದು ಕೇಳಿ, ಇಲ್ಲವೆಂದ ಮೇಲೆ, ಗೇಟಿನಲ್ಲಿ ಬಂಗುಡೆ ಬಂದಿದೆ ಹೋಗು ಎಂದು ನನ್ನನ್ನು ಎಬ್ಬಿಸಿದರು.

ಮೀನು ತೆಗೆದುಕೊಂಡು ಬಂದಾಗ ಅವರೇ ಪುಸ್ತಕ ಹಿಡಿದು ಕೂತಿದ್ದರು. ಪ್ರತಿ ಆಟದ ಮೂಲೆಯಲ್ಲಿ ವಯಸ್ಸು ಬರೆದಿರುತ್ತದೆ: ಮೂರು ದಾಟಿದವರಿಗೆ, ಏಳು ದಾಟಿದವರಿಗೆ, ಹದಿನೆಂಟು ದಾಟಿದವರಿಗೆ. "ನಾನು ಎಲ್ಲವನ್ನೂ ದಾಟಿ ಆಯ್ತಲ್ಲ. ನನಗೆ ಅಂತ ಬೇರೆ ಇಲ್ಲವಾ?" ಎಂದರು. ಇನ್ನೊಂದು ಮೂಲೆಯಲ್ಲಿ ಎಷ್ಟು ಜನ ಆಡಬಹುದು ಎಂದು. ಕಪ್ಪು ಪೆಟ್ಟಿಗೆಯ ಗಟ್ಟಿ ಆಟಗಳೆಲ್ಲ ಒಬ್ಬೊಬ್ಬರೇ ಆಡುವುದು; ಬಿಳಿಯದರಲ್ಲಿ ನಾಲ್ಕು ಜನ ಸೇರಬಹುದು. ಇದರ ಬಗ್ಗೆ ಮಾಂಯ್ ಅಭಿಪ್ರಾಯ ಸ್ಪಷ್ಟವಿತ್ತು: "ಒಬ್ಬಳೇ ನಿಂತು ಟಿವಿಗೆ ಕೈ ಬೀಸುವುದಕ್ಕೆ ಆಟ ಅಂತ ಹೇಳುವುದಿಲ್ಲ. ಅದಕ್ಕೆ ಬೇರೆ ಡಾಕ್ಟರು ಉಂಟು."

ಈಗ ಯೋಚಿಸಿದರೆ ಲೈಬ್ರರಿಯೊಂದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ವಿಮರ್ಶಕರ ಹತ್ತಿರವೂ ಇರಲಾರದು. ಎಷ್ಟು ಆಟ ಇದೆ ಎಂಬುದಲ್ಲ, ಪಕ್ಕದಲ್ಲಿ ಕೂರಲು ಎಷ್ಟು ಜಾಗ ಇದೆ ಎಂಬುದು. ಆದರೆ ಆ ಹೊತ್ತಿನಲ್ಲಿ ನನಗೆ ಯೋಚನೆ ಬೇರೆಯೇ ಇತ್ತು. ಹನ್ನೆರಡು ಗಂಟೆಯಾದರೂ ಒಂದು ಆಟವೂ ಪಾಸಾಗಿರಲಿಲ್ಲ.

"ಮಾಂಯ್, ಹೀಗೆ ಓದಿ ಗೊತ್ತಾಗುವುದಿಲ್ಲ. ಆಡಿ ನೋಡಬೇಕು" ಎಂದೆ.

"ಪೆಟ್ಟಿಗೆ ಎಲ್ಲಿ ಉಂಟು ಆಡಲಿಕ್ಕೆ?"

"ಪೆಟ್ಟಿಗೆ ಎಂತಕ್ಕೆ?" ಎಂದೆ ನಾನು. ಇಲ್ಲಿ ಮತ್ತೆ ನನ್ನ ಕಾನ್ವೆಂಟಿಗೆ ಹೋಗಬೇಕಾಗುತ್ತದೆ, ಕ್ಷಮಿಸಿ.

ನಮ್ಮ ಶಾಲೆಯ ಅಂಗಳದ ಒಂದು ಬದಿಗೆ ಬಾವಿ, ಇನ್ನೊಂದು ಬದಿಗೆ ಚಾಪೆಲಿನ ಬಣ್ಣದ ಗಾಜಿನ ಕಿಟಕಿ. ಚೆಂಡು ಎತ್ತ ಹೋದರೂ ಸಂಕಟ. ಲೈಬ್ರರಿಯ ಜೊತೆ ಆಟೋಟವನ್ನೂ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬೆನಿಗ್ನಾ ಬಹಳ ಯೋಚಿಸಿ, ತಪ್ಪು ಹುಡುಗಿಯರದ್ದಲ್ಲ, ಚೆಂಡಿನದ್ದು ಎಂದು ತೀರ್ಮಾನಿಸಿ ಚೆಂಡನ್ನು ಆಟದಿಂದ ತೆಗೆದುಹಾಕಿದರು. ಬ್ಯಾಟು ಕಂಡರೆ ಚೆಂಡಿನ ನೆನಪಾಗುತ್ತದೆ ಎಂದು ಬ್ಯಾಟನ್ನೂ ತೆಗೆದರು. ಉಳಿದದ್ದು ಟೆನಿಸ್ ಮಾತ್ರ. ನಾವು ನೆರಿಗೆಯ ಸ್ಕರ್ಟು ಹಾಕಿಕೊಂಡು ಎದುರುಬದುರು ನಿಂತು ಗಾಳಿಗೆ ಹೊಡೆಯುತ್ತಿದ್ದೆವು, ಗಾಳಿಯಿಂದ ಬಂದದ್ದನ್ನು ಓಡಿ ಓಡಿ ಹಿಂದಕ್ಕೆ ಕಳಿಸುತ್ತಿದ್ದೆವು. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ ಎಂಬುದನ್ನು ಆಡಿದವಳೇ ಆತ್ಮಸಾಕ್ಷಿಯಾಗಿ ಹೇಳಬೇಕು. ಶನಿವಾರ ಪಾಪನಿವೇದನೆಗೆ ಸಾಲು ನಿಂತಾಗ ನನ್ನ ಗೆಳತಿಯೊಬ್ಬಳು, "ಫಾದರ್, ಹೊರಗೆ ಬಿದ್ದ ಚೆಂಡನ್ನು ಒಳಗೆ ಅಂತ ಹೇಳಿದೆ" ಎಂದಳಂತೆ. "ಯಾವ ಚೆಂಡು ಮಗಳೇ?" ಎಂದು ಫಾದರ್ ಕೇಳಿದರಂತೆ. "ಇಲ್ಲದ್ದು ಫಾದರ್." ಅವರು ಪ್ರಾಯಶ್ಚಿತ್ತಕ್ಕೆ ಅರ್ಧ ಜಪ ಕೊಟ್ಟು ಕಳಿಸಿದರಂತೆ.

ಆದ್ದರಿಂದ, ಖಾಲಿ ಕೋಲು ಬೀಸಿ ಚೆಂಡು ಹೊಡೆಯುವ ಪೆಟ್ಟಿಗೆ ಬಂದಿದೆ ಎಂದು ವಿಲ್ಲಿ ಬೆರಗಿನಿಂದ ಹೇಳಿದಾಗ ನನಗೆ ಬೆರಗಾಗಲಿಲ್ಲ. ಸಿಸ್ಟರ್ ಬೆನಿಗ್ನಾ ಅದನ್ನು ಎಂದೋ ಕಂಡುಹಿಡಿದಿದ್ದರು. ವಿದ್ಯುತ್ತಿನ ಹಂಗು ಕೂಡ ಇಲ್ಲದೆ.

ಒಳಗೆ ಆಡಿದರೆ ಪಿಂಗಾಣಿಯ ಶೋಕೇಸಿಗೆ ಅಪಾಯವೆಂದು ಅಂಗಳಕ್ಕೆ ಇಳಿದೆವು. ಅಂಗಳವೆಂದರೆ ಬಾವಿಗೂ ಕಂಪೌಂಡ್ ಗೋಡೆಗೂ ನಡುವಿನ ಜಾಗ. ಕೋಲಿನ ಬದಲು ಇಬ್ಬರಿಗೂ ಒಂದೊಂದು ಮರದ ಸಟ್ಟುಗ. ಮಾಂಯ್ ಎಡಗೈಯಲ್ಲಿ ಹಿಡಿದುಕೊಂಡರು. ಬಲಗೈಯನ್ನು ಎಂದಿನಂತೆ ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದರು, ಯಾರಿಗೂ ತೋರಿಸಬಾರದ ಕೂಸನ್ನು ಹಿಡಿದ ಹಾಗೆ.

ಮೊದಲು ಬಿಳಿ ಪೆಟ್ಟಿಗೆಯ ಬೌಲಿಂಗ್. ದಾಸವಾಳದ ಗಿಡದ ಬುಡದಲ್ಲಿ ಹತ್ತು ಗೂಟಗಳಿವೆ ಎಂದು ನಾನು ಹೇಳಿದೆ, ಮಾಂಯ್ ಒಪ್ಪಿಕೊಂಡರು. ನಾನು ಉರುಳಿಸಿದೆ, ಆರು ಬಿದ್ದುವು. ಮಾಂಯ್ ಉರುಳಿಸಿದರು, ಹತ್ತೂ ಬಿದ್ದುವು. ಮತ್ತೆ ಉರುಳಿಸಿದರು, ಮತ್ತೆ ಹತ್ತು.

"ಎಲ್ಲ ಬಿತ್ತಾ ಮಾಂಯ್? ಆ ಮೂಲೆಯದ್ದು ಅಲ್ಲಾಡ್ತಾ ಉಂಟಲ್ಲ."

"ಅದು ಗಾಳಿಗೆ. ಈಗ ಬಿತ್ತು."

ಮೂವತ್ತು ವರ್ಷದ ಹಿಂದಿನ ಚಾಂಪಿಯನ್ ನಾನು. ಇಲ್ಲದ ಚೆಂಡಿನಲ್ಲಿ ಸೋಲುವುದು ಎಷ್ಟು ಉರಿ ಎಂದು ಆಡಿದವರಿಗೇ ಗೊತ್ತು. "ಎಡಗೈಯವರ ಹತ್ರ ಗೆಲ್ಲಬೇಕು ಅಂತ ನನಗೂ ಇಲ್ಲ. ಹೋಗಲಿ ಅಂತ ಬಿಟ್ಟುಕೊಟ್ಟದ್ದು" ಎಂದುಬಿಟ್ಟೆ.

ಮಾಂಯ್ ಒಂದು ಗಳಿಗೆ ನನ್ನನ್ನೇ ನೋಡಿದರು. "ಎಂತ ಹೇಳಿದಿ? ಬಿಟ್ಟುಕೊಟ್ಟದ್ದಾ? ಟೆನಿಸಿಗೆ ಬಾ ನೀನು."

ಟೆನಿಸಿನ ವಿವರ ನನಗೆ ಕ್ರಮವಾಗಿ ನೆನಪಿಲ್ಲ. ಬಾವಿಯ ಕಡೆ ನಾನು, ಗೋಡೆಯ ಕಡೆ ಅವರು. ಸೊಂಟಕ್ಕೆ ಸೆರಗು ಬಿಗಿದಿದ್ದರು. ನನ್ನ ಕಣ್ಣೆಲ್ಲ ಚೆಂಡಿನ ಮೇಲೆಯೇ ಇತ್ತು. ಸಿಸ್ಟರ್ ಹೇಳಿಕೊಟ್ಟದ್ದೇ ಹಾಗೆ: "ಎದುರಿನವಳ ಮುಖ ನೋಡಬೇಡ, ಕೈ ನೋಡಬೇಡ, ಚೆಂಡು ನೋಡು." ಒಂದು ಸಲ ಮಾಂಯ್ ಎಂತಹ ಹೊಡೆತ ಹೊಡೆದರೆಂದರೆ ಚೆಂಡು ನನ್ನ ತಲೆಯ ಮೇಲಿಂದ ಹಾರಿ ನೇರ ಬಾವಿಗೆ ಬಿತ್ತು. ಇಬ್ಬರೂ ಓಡಿಹೋಗಿ ಬಾವಿಯೊಳಗೆ ಬಗ್ಗಿ ನೋಡಿದೆವು.

"ಹೋಯ್ತು" ಎಂದರು ಮಾಂಯ್ ನಿಜವಾದ ಬೇಸರದಿಂದ.

"ಇನ್ನೊಂದು ಉಂಟು" ಎಂದೆ.

ಆಮೇಲೆ ಕಪ್ಪು ಪೆಟ್ಟಿಗೆಯ ಕತ್ತಿವರಸೆ. ನ್ಯಾಯವಾಗಿ ಅದನ್ನೂ ನೋಡಬೇಕಲ್ಲ. ಈ ಆಟಗಳಲ್ಲಿ ಪ್ರತಿಯೊಬ್ಬರಿಗೂ ಮೂರು ಜೀವ ಎಂದು ಮಾಂಯ್‌ಗೆ ವಿವರಿಸಿದೆ. ಧರ್ಮೋಪದೇಶದ ತರಗತಿಯಲ್ಲಿ ಒಂದೇ ಜೀವ, ಜೋಪಾನ ಎಂದು ಕಲಿತ ನನಗೆ ಈ ಮೂರರ ಲೆಕ್ಕದಿಂದ ಮೊದಲು ಸ್ವಲ್ಪ ಸಂಕೋಚವಾಯಿತು. ಆದರೆ ಕೊಲ್ಲುವವರಿಗೆ ಆ ಸಂಕೋಚ ಇರುವುದಿಲ್ಲ. ಸೌಮ್ಯ ಸ್ವಭಾವದ, ಇರುವೆಯ ಸಾಲನ್ನೂ ತುಳಿಯದೆ ದಾಟುವ ನನ್ನ ಅತ್ತೆ ಸಟ್ಟುಗ ಬೀಸಿ ನನ್ನನ್ನು ಗೋಡೆಯ ಬುಡದಲ್ಲಿ ಮೊದಲ ಸಲ ಕೊಂದರು. ನಾನು ಎದ್ದೆ. ಮತ್ತೆ ಕೊಂದರು. ಮೂರನೇ ಸಲ ನಾನು ಏಳುವ ಮೊದಲೇ ಬಡಿದರು.

"ಇದು ಮೋಸ! ನಾನು ಇನ್ನೂ ಎದ್ದೇ ಇಲ್ಲ!"

"ಏಳುವವರೆಗೆ ಕಾಯಬೇಕಂತ ಪುಸ್ತಕದಲ್ಲಿ ಬರೆದಿದ್ದಾ?"

ಬರೆದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮಾಂಯ್ ಮೆಟ್ಟಿಲ ಮೇಲೆ ಕೂತು ಘೋಷಿಸಿದರು, "ಕಪ್ಪು ಪೆಟ್ಟಿಗೆಯ ಲೈಬ್ರರಿ ಒಳ್ಳೆಯದು." ನನಗೆ ಆಘಾತವಾಯಿತು. ಮನೆಗೆ ಕೊಲ್ಲುವ ಆಟ ಬಂದರೆ ಮಾಂಯ್ ಮನಸ್ಸಿಗೆ ನೋವಾದೀತು ಎಂದು ಕಾನ್ವೆಂಟಿನ ಸಂಸ್ಕಾರದಿಂದ ನಾನು ಹೆದರುತ್ತಿದ್ದೆ, ಅದರ ಹುಚ್ಚು ಹಿಡಿದದ್ದು ಅವರಿಗೇ! ನಾನು ಬಿಳಿಯ ಪರವಾಗಿ ವಾದಿಸಿದೆ. ಅವರು ಕಪ್ಪು ಎಂದರು. ತೀರ್ಮಾನಕ್ಕೆ ಮತ್ತೆ ಆಡಬೇಕಾಯಿತು: ಬಾಕ್ಸಿಂಗ್, ಬಿಲ್ಲುಬಾಣ, ಬ್ಯಾಡ್ಮಿಂಟನ್, ಕೊನೆಗೆ ಹೆಸರೇ ಗೊತ್ತಿಲ್ಲದ, ಚಿತ್ರದಲ್ಲಿ ಒಬ್ಬಳು ಆಕಾಶಕ್ಕೆ ಕೈಚಾಚಿ ನಿಂತ ಒಂದು ಆಟ. ಅದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಇಬ್ಬರೂ ಅವಳಂತೆಯೇ ಸ್ವಲ್ಪ ಹೊತ್ತು ನಿಂತೆವು. ಬಂಗುಡೆ ಹಾಗೇ ಉಳಿಯಿತು. ಮಧ್ಯಾಹ್ನದ ಊಟಕ್ಕೆ ಗಂಜಿ, ಉಪ್ಪಿನಕಾಯಿ.

ನಾಲ್ಕಕ್ಕೆ ಫೋನು ಬಂತು. ನಾನು ಎತ್ತುವ ಮೊದಲೇ ಮಾಂಯ್ ಎತ್ತಿದರು.

"ವಿಲ್ಲಿ, ಯಾವುದೂ ಬೇಡ ಮಗಾ. ಎರಡೂ ಪೆಟ್ಟಿಗೆಯದ್ದು ಆಡಿ ಮುಗಿಯಿತು."

ವಿಲ್ಲಿಯ ದನಿ ನನಗೂ ಕೇಳುವಷ್ಟು ಏರಿತು. "ಮುಗಿಯಿತಾ? ಯಾವುದರಲ್ಲಿ ಆಡಿದ್ದು ಮಾಂಯ್?"

"ಅಂಗಳದಲ್ಲಿ. ಕಪ್ಪಿನದ್ದು ಒಳ್ಳೆಯದು. ಆದರೆ ಒಂದು ಸಲ ಆಡಿದರೆ ಸಾಕು, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು ಎಂತದೂ ಇಲ್ಲ. ಆ ಜಾಗದಲ್ಲಿ ಖರ್ಜೂರ ತಾ. ಮತ್ತೆ ಒಂದು ಟೆನಿಸ್ ಚೆಂಡು. ನಮ್ಮದು ಬಾವಿಗೆ ಬಿತ್ತು."

ನಾನು ಫೋನು ಕಸಿಯಲು ಹೋದೆ; ಅವರು ಇಟ್ಟೂ ಆಯಿತು. ಹೊಸ್ತಿಲಲ್ಲಿ ನಿಂತು ನನಗೆ ತಡವಾಗಿ ಹೊಳೆದದ್ದು ಇಷ್ಟು: ನಾವು ಹೊರಟದ್ದು ಆಟ ಆರಿಸಲಿಕ್ಕಲ್ಲ, ಒಂದು ಕೈಗಾಗಿ. ಆ ಕೈಗೆಂದು ಬರಬೇಕಾಗಿದ್ದ ಔಷಧಿಯನ್ನು ಲೈಬ್ರರಿಯ ಜಗಳದಲ್ಲಿ ನಾವೇ ಬೇಡವೆಂದು ಹಿಂದಕ್ಕೆ ಕಳಿಸಿದ್ದೆವು. ಮಗ ಪರದೇಶದಿಂದ ಬಂದು ಹೊಸ್ತಿಲಲ್ಲಿ ನಿಂತಾಗ ಮಾಂಯ್ ಹೆಬ್ಬೆರಳಿನಿಂದ ಅವನ ಹಣೆಗೆ ಶಿಲುಬೆ ಎಳೆಯುವುದು ನಮ್ಮ ಮನೆಯ ಕ್ರಮ. ವಿಲ್ಲಿಯ ಹಣೆ ಬಾಗಿಲ ಚೌಕಟ್ಟಿಗೆ ತಾಗುವಷ್ಟು ಎತ್ತರದಲ್ಲಿದೆ. "ಅವನು ಬಗ್ಗಿದರೆ ಆಯ್ತಲ್ಲ" ಎಂದು ನಾನು ಒಮ್ಮೆ ಸಮಾಧಾನ ಹೇಳಿದ್ದಾಗ ಮಾಂಯ್ ಮುಖ ತಿರುಗಿಸಿ ಹೇಳಿದ್ದರು, "ಬಗ್ಗಿ ತೆಗೆದುಕೊಳ್ಳುವುದು ಅವನ ಮರ್ಯಾದೆ. ಎತ್ತಿ ಕೊಡುವುದು ನನ್ನದು."

ನಾಡಿದ್ದು ಬೆಳಗಾದರೆ ಅವನು ಬಂದುಬಿಡುತ್ತಾನೆ. ನಾನು ಅಡುಗೆಮನೆಗೆ ಹೋಗಿ ಗೋಡೆಯ ಮೇಲಿನ ಆ ದಪ್ಪ ಗೆರೆಯನ್ನು ನೋಡಿದೆ. ಗಿಡ್ಡೆಯಾದ ನನ್ನ ಗಲ್ಲದ ಮಟ್ಟಕ್ಕಷ್ಟೇ ಬರುತ್ತಿತ್ತು. ಡಬ್ಬಗಳೆಲ್ಲ ನೆಲದ ಮಣೆಯಲ್ಲಿ ಸಾಲಾಗಿ ಕೂತು, ಇನ್ನೆಲ್ಲಿಗೆ ಇಳಿಯುವುದು ಎಂದು ನನ್ನನ್ನೇ ಕೇಳುವ ಹಾಗಿತ್ತು. ಮಾಂಯ್‌ಗೂ ಅದೇ ಯೋಚನೆ ಬಂದಿರಬೇಕು. ಅವರು ಮೆಟ್ಟಿಲ ಮೇಲೆ ಕೂತು, ಬಲಗೈಯನ್ನು ಮತ್ತೆ ಸೆರಗಿನೊಳಗೆ ಸುತ್ತಿಕೊಂಡು, ಸಟ್ಟುಗವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಟಯರ್ ಅಂಗಡಿಯಿಂದ ಬಂದ ನಮ್ಮವರು, ಕಪ್ಪು ಪೆಟ್ಟಿಗೆ ಬರುವುದಿಲ್ಲ ಎಂದು ತಿಳಿದು, ಆ ಹಲ್ಲಿನ ಚಿತ್ರವಾದರೂ ಇರಲಿ ಎಂದು ಪುಸ್ತಕವನ್ನು ಜೋಪಾನ ಮಾಡಿದರು.

ಇಗರ್ಜಿಯ ಸಂಜೆಯ ಗಂಟೆ ಇನ್ನೇನು ಬಾರಿಸಬೇಕು, ಗೇಟು ಕಿರ್ರೆಂದಿತು. ಅಪರೂಪಕ್ಕೆ ಸುಮತಿ ಟೀಚರ್ ಸುತ್ತು ಹಾಕಿ ಬಂದಿದ್ದರು. ಕೈಯಲ್ಲಿ ನಮ್ಮದೇ ಬಟ್ಟಲು, ಬಟ್ಟಲಲ್ಲಿ ಹಲಸಿನ ಹಪ್ಪಳ. ಮುಖ ನೋಡಿ ಎಷ್ಟೋ ದಿನವಾಗಿತ್ತು, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅವರು ಚಪ್ಪಲಿ ಬಿಡುತ್ತ, ಮಾಂಯ್ ಮಡಿಲಿನ ಸಟ್ಟುಗದ ಕಡೆ ಗಲ್ಲ ತೋರಿಸಿ, ಹವಾಮಾನದ ಮಾತಾಡುವಷ್ಟೇ ಸಲೀಸಾಗಿ ಕೇಳಿದರು:

"ಎಂತ ಬಾಯಮ್ಮ, ಮಧ್ಯಾಹ್ನ ಇಡೀ ಗೋಡೆಯ ಮೇಲಿಂದ ಆ ಸಟ್ಟುಗ ಎತ್ತಿ ಎತ್ತಿ ನನ್ನನ್ನು ಕರೆದದ್ದು ಊಟಕ್ಕಾ? ಬಂಗಾರದ ಬಳೆ ನೋಡಿ ನಿಮ್ಮದೇ ಕೈ ಅಂತ ಗೊತ್ತಾಯ್ತು, ಆದರೆ ನನ್ನದು ಆವಾಗಲೇ ಉಂಡಾಗಿತ್ತು ಮಾರಾಯ್ರೆ."